ಬೇಸ್‌ಮೆಂಟಿನಲ್ಲಿ ಒನ್ಸ್ ಮೋರ್

ಪ್ರತಿ ಲಾಂಗ್ ವೀಕೆಂಡಿಗೂ ಕೆನಡಾದ ಸ್ಟೌಫ್‌ವಿಲ್‌ನಲ್ಲಿರುವ ನನ್ನ ಗಂಡನ ಗೆಳೆಯರೊಬ್ಬರ ಬೇಸ್‌ಮೆಂಟಿನಲ್ಲಿ ಒಂದೇ ಸಿನಿಮಾ. ನಮ್ಮ ಹೈಸ್ಕೂಲಿನ ಕಾಲದ ತಮಿಳು ಹೊಡೆದಾಟದ ಚಿತ್ರ. ಅದಕ್ಕೆ ವಯಸ್ಸಾಗುವುದಿಲ್ಲ, ನೋಡುವವರಿಗೆ ಬುದ್ಧಿ ಬರುವುದಿಲ್ಲ.

ಐವತ್ತರ ಹತ್ತಿರದ ಎಂಜಿನಿಯರುಗಳು ಹೊಟ್ಟೆ ಒಳಗೆಳೆದುಕೊಂಡು ನಾಯಕನಂತೆ ಟವಲ್ಲು ಬೀಸುತ್ತಾರೆ. ಆಫೀಸಿನ ಮೀಟಿಂಗಿನಲ್ಲಿ ತುಟಿ ಪಿಟಕ್ಕೆನ್ನದವರು ಇಲ್ಲಿ ಖಳನಿಗೆ ಸವಾಲು ಹಾಕುತ್ತಾರೆ. ಬಜ್ಜಿ ತಿಂದ ಕೈಯನ್ನು ಸೋಫಾಗೇ ಒರೆಸುತ್ತಾರೆ. ಮೇಲಿಂದ ಇನ್ನೊಂದು ತಟ್ಟೆ ಬಜ್ಜಿ ತರಬೇಕಾದವರು ನಾವು ಹೆಂಗಸರು. ನನಗೆ ಹೇಸಿಗೆಯಾಗುತ್ತದೆ.

ಕಳೆದ ಸಲ ಹನ್ನೊಂದು ವರ್ಷದ ಮಗಳು ನನ್ನ ತೋಳಿಗೊರಗಿ ಕೂತಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ತಮಿಳು ಬಾರದು. ಹಳೆಯ ಪ್ರಿಂಟು, ಸಬ್‌ಟೈಟಲ್ ಇಲ್ಲ. ಬೆಂಗಳೂರಿನ ಹಲಸೂರಿನಲ್ಲಿ ಬೆಳೆದ ನನಗೆ ತಮಿಳು ನೀರು ಕುಡಿದಷ್ಟು ಸಲೀಸು. ಪಿಸುದನಿಯಲ್ಲಿ ಅರ್ಥ ಹೇಳುತ್ತಾ ಹೋದೆ. ಹೊಡೆದಾಟಕ್ಕೆ ಅರ್ಥ ಬೇಕಿಲ್ಲವಾದ್ದರಿಂದ ಹೆಚ್ಚು ಕೆಲಸವೇನೂ ಇರಲಿಲ್ಲ.

ಆಮೇಲೆ ಆ ದೃಶ್ಯ ಬಂತು. ಎದುರು ಮಾತಾಡಿದ ನಾಯಕಿಯ ಕೆನ್ನೆಗೆ ನಾಯಕ ಫಟಾರನೆ ಬಾರಿಸಿ, ಬೆರಳೆತ್ತಿ ಬುದ್ಧಿ ಹೇಳುತ್ತಾನೆ. ಗಂಡಸರೆಲ್ಲ ಹೋ ಎಂದರು.

"ವಾಟ್ ಡಿಡ್ ಹಿ ಸೇ?" ಮಗಳು ಕೇಳಿದಳು.

"ಸಿಟ್ಟಲ್ಲಿ ಹೊಡ್ದುಬಿಟ್ಟೆ, ಸಾರಿ ಅಂದ ಪುಟ್ಟಾ," ಎಂದೆ. ಆ ಹೊಲಸು ಮಾತನ್ನು ಅವಳ ಕಿವಿಗೆ ಹಾಕಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ನಾಯಕಿ ಅವನ ಕಾಲಿಗೆ ಬಿದ್ದಳು. ಮಗಳು ಹುಬ್ಬು ಗಂಟಿಕ್ಕಿದಳು. "ದೆನ್ ವೈ ಈಸ್ ಶೀ ಟಚಿಂಗ್ ಹಿಸ್ ಫೀಟ್?"

ನಾನು ಬಾಯಿ ತೆರೆಯುವ ಮೊದಲೇ ಕೂಗೆದ್ದಿತು: "ಒನ್ಸ್ ಮೋರ್! ರಿವೈಂಡ್ ಮಾಡ್ರೋ!" ಕೂಗಿದವರಲ್ಲಿ ನನ್ನ ಗಂಡನೂ ಒಬ್ಬ. ಹಿಂದೆ ಟಾಕೀಸಿನಲ್ಲಾದರೆ ಆಪರೇಟರ್ ಮನಸ್ಸು ಮಾಡಬೇಕಿತ್ತು. ಇಲ್ಲಿ ರಿಮೋಟು ಇವರ ಕೈಯಲ್ಲೇ ಇದೆ. ಕಾಲಿಗೆ ಬಿದ್ದವಳು ಎದ್ದು ನಿಂತಳು, ಮತ್ತೊಮ್ಮೆ ಹೊಡೆಸಿಕೊಳ್ಳಲು.

ಇನ್ನು ಇವಳಿಗೆ ಸುಳ್ಳು ಹೇಳಬಾರದು ಅನ್ನಿಸಿತು. ನಾಯಕ ಕೈ ಎತ್ತುತ್ತಿದ್ದ.

"ಸಾರಿ ಹೇಳಲ್ಲ ಅವ್ನು. ನಾನು ಸುಳ್ಳು ಹೇಳ್ದೆ," ಎಂದೆ. "ಹೆಣ್ಣು ತಗ್ಗಿ ಬಗ್ಗಿ ನಡೀಬೇಕು, ಗಂಡಸಿನ ಮುಂದೆ ದನಿ ಎತ್ತಿದ್ರೆ ಇದೇ ಗತಿ ಅಂತಾನೆ."

ನಾನು ಹೇಳಿ ಮುಗಿಸಿದ ಮೇಲೆ ನಾಯಕ ಆ ಮಾತು ಶುರು ಮಾಡಿದ. ಮಗಳು ಪರದೆ ಬಿಟ್ಟು ನನ್ನನ್ನೇ ನೋಡಿದಳು.

"ಅಮ್ಮಾ, ಯು ನೋ ಇಟ್ ಬೈ ಹಾರ್ಟ್?"

"ಹೂಂ. ಹೈಸ್ಕೂಲಲ್ಲಿದ್ದಾಗ ಟಾಕೀಸಲ್ಲೇ ಏಳು ಸಲ ನೋಡಿದ್ದೆ. ಈ ಸೀನಿಗೆ ನಾನೂ ಶಿಳ್ಳೆ ಹಾಕಿದ್ದೆ ಕಣೇ."

ಅವಳು ಮೆಲ್ಲಗೆ ಸರಿದು ಸೋಫಾದ ಆ ತುದಿಗೆ ಹೋಗಿ ಕೂತಳು.