ಅಲೆಯಿಲ್ಲದ ನೀರಿನಲ್ಲಿ ಹಾರುತ್ತಿದ್ದ ದೋಣಿ

ಭಾನುವಾರ ಬೆಳಿಗ್ಗೆ ಭದ್ರಾ ಹಿನ್ನೀರಿನಲ್ಲಿ ನಮ್ಮ ದೋಣಿ ಮೂರನೇ ಸಲ ಹಾರಿತು. ನೀರಿನಲ್ಲಿ ಒಂದು ಅಲೆಯೂ ಇರಲಿಲ್ಲ.

ವೇಗ ಹೆಚ್ಚಿಸಿದ ಕೂಡಲೇ ಮೂತಿ ಮೇಲೇಳುತ್ತದೆ, ಧಪ್ಪೆಂದು ಬೀಳುತ್ತದೆ, ಮತ್ತೆ ಏಳುತ್ತದೆ... ಇದನ್ನು ಇಂಗ್ಲಿಷಿನಲ್ಲಿ ಪೊರ್ಪಾಯ್ಸಿಂಗ್ ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಹೆಸರು ಗೊತ್ತಿದ್ದರೆ ಸೊಂಟದ ನೋವು ಕಡಿಮೆಯಾಗುವುದಿಲ್ಲ.

ನಾವು ಶಿವಮೊಗ್ಗ, ಭದ್ರಾವತಿಯ ಆರು ಜನ ಸ್ವಯಂಸೇವಕರು. ತುಂಗೆ ಉಕ್ಕಿ ತಗ್ಗಿನ ಬೀದಿಗಳಿಗೆ ನೀರು ನುಗ್ಗಿದರೆ ಜನರನ್ನು ಕರೆತರಲೆಂದು ಹಳೆಯ ಫೈಬರ್ ದೋಣಿಯ ಹಿಂಬದಿಗೆ ಔಟ್‌ಬೋರ್ಡ್ ಎಂಜಿನ್ ಹಾಕಿಕೊಂಡಿದ್ದೇವೆ.

ಓಡಿಸುವ ತರಬೇತಿ ಮುಗಿಸಿದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ಜನ್ನಾಪುರದ ಮಹದೇವಣ್ಣ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಈ ಮಳೆಗಾಲಕ್ಕೆ ಎಂಜಿನ್ ಹ್ಯಾಂಡಲ್ ಯಾರ ಕೈಗೆ ಎಂಬುದು ಅವತ್ತೇ ತೀರ್ಮಾನವಾಗಬೇಕಿತ್ತು. ಬೆಳಿಗ್ಗೆಯಿಂದ ಅದು ನನ್ನ ಕೈಯಲ್ಲಿತ್ತು.

"ನಮ್ಮ ಸಿಟಿ ಬಸ್ಸೇ ವಾಸಿ ಅಕ್ಕ, ಅದ್ರಲ್ಲಿ ಹಂಪ್ ಆದ್ರೂ ಕಾಣುತ್ತೆ," ಎಂದಳು ನರ್ಸ್ ಸೆಲ್ವಿ.

"ತಪ್ಪು ತಿಳ್ಕೋಬೇಡಿ ಮೇಡಂ," ಎಂದರು ಮಹದೇವಣ್ಣ. "ಎಂಜಿನ್ ನಾನೇ ಬಿಚ್ಚಿ ನೋಡಿದೀನಿ, ಕಂಪ್ಲೇಂಟ್ ಇಲ್ಲ. ನಿಮ್ಮ ಕೈ ಸ್ವಲ್ಪ ಅವಸರ."

ಇರಬಹುದೇನೋ ಅನ್ನಿಸಿತು. ನನಗೆ ಇದೊಂದು ಅಭ್ಯಾಸ... ಯಾರಾದರೂ ಗಟ್ಟಿಯಾಗಿ ಹೇಳಿದರೆ ಮೊದಲು ನನ್ನನ್ನೇ ಅನುಮಾನಿಸುತ್ತೇನೆ.

ಹ್ಯಾಂಡಲ್ ಅವರಿಗೆ ಕೊಟ್ಟೆ. ಅವರು ನಿಧಾನವಾಗಿ ಓಡಿಸಿದರು. ದೋಣಿ ಹಾರಲಿಲ್ಲ. ತಪ್ಪು ನನ್ನದೇ ಎಂದು ಎಲ್ಲರಿಗೂ ಅನ್ನಿಸಿರಬೇಕು.

ಆದರೆ ಆ ವೇಗದಲ್ಲಿ ಪ್ರವಾಹದ ನೀರನ್ನು ಎದುರಿಸಿ ಹೋಗಲು ಆಗುವುದಿಲ್ಲ.

ಆಗ ನಾನು ಮುಂದಿನ ಹಲಗೆಯ ಮೇಲೆ ಒಬ್ಬಳೇ ಕೂತಿದ್ದೆ. ತಿರುಗಿ ನೋಡಿದೆ. ಉಳಿದ ಐದೂ ಜನ ಎಂಜಿನ್ ಪಕ್ಕ ಒತ್ತಿಕೊಂಡು ಕೂತಿದ್ದಾರೆ. ಪೆಟ್ರೋಲ್ ಟ್ಯಾಂಕ್, ಹಗ್ಗದ ಚೀಲ, ಊಟದ ಬ್ಯಾಗ್ ಕೂಡ ಅಲ್ಲೇ.

ಬೆಳಿಗ್ಗೆ ಹೊರಟಾಗ ಹೀಗಿರಲಿಲ್ಲ. ಮೂತಿ ಬಡಿದಾಗ ಹೆಚ್ಚು ಪೆಟ್ಟು ಮುಂದೆ ಕೂತವರಿಗೆ. ಹಾಗಾಗಿ ಒಂದೊಂದು ಸಲ ಹಾರಿದಾಗಲೂ ಒಬ್ಬೊಬ್ಬರೇ ಹಿಂದಕ್ಕೆ ಸರಿದಿದ್ದರು. "ನೀವು ಹಿರಿಯರು, ಹಿಂದೆ ಬನ್ನಿ" ಎಂದು ಮಹದೇವಣ್ಣನನ್ನು ಮೊದಲು ಕರೆದವಳು ನಾನೇ. ನಮ್ಮಲ್ಲಿ ಅವರದೇ ಹೆಚ್ಚು ತೂಕ.

ಹಿಂದೆ ಭಾರ ಹೆಚ್ಚಿದಷ್ಟೂ ಮೂತಿ ಹೆಚ್ಚು ಏಳುತ್ತದೆ. ಮೂತಿ ಎದ್ದಷ್ಟೂ ಜನ ಹಿಂದಕ್ಕೆ ಬರುತ್ತಾರೆ.

ಇನ್ನೊಂದು ರೌಂಡ್ ಕೇಳಿದೆ. ಟ್ಯಾಂಕನ್ನು ಪೈಪು ಎಟುಕುವಷ್ಟು ಮುಂದೆ, ನಡುವಿಗೆ ತಂದೆವು. ಎಂಜಿನ್ ಎಷ್ಟು ವಾಲಬೇಕೆಂದು ನಿರ್ಧರಿಸುವ ಪಿನ್ ತೀರಾ ಹೊರಗಿನ, ಮೂತಿ ಎತ್ತುವ ತೂತಿನಲ್ಲಿತ್ತು.

"ಇದನ್ನ ಇಲ್ಲಿ ಹಾಕಿದ್ಯಾರು?" ಎಂದರು ಮಹದೇವಣ್ಣ.

"ನಾನೇ. ಮೂತಿ ಎತ್ತಿದ್ರೆ ಸ್ಪೀಡ್ ಬರುತ್ತೆ ಅಂತ ಓದಿದ್ದೆ."

"ಪೂರ್ತಿ ಓದ್ಬೇಕಿತ್ತು."

ಅದು ನಿಜ. ತೀರಾ ಒಳಗಿನ ತೂತಿಗೆ ಹಾಕಿ ನೋಡಿದಾಗ ಮೂತಿ ನೀರನ್ನು ಅಗೆಯತೊಡಗಿತು, ಹ್ಯಾಂಡಲ್ ಎಳೆದಾಡಿತು. ಒಂದು ತೂತು ಹೊರಗೆ ತಂದೆವು.

ಉಳಿದದ್ದು ಕಷ್ಟದ ಭಾಗ. ಬೆಳಿಗ್ಗೆ ಪೆಟ್ಟು ತಿಂದ ಜಾಗಕ್ಕೇ ಹೋಗಿ ಕೂರಿ ಎಂದು ಮಹದೇವಣ್ಣನಿಗೆ ಹೇಳಬೇಕಿತ್ತು.

"ನನ್ನ ಸೊಂಟ ಇನ್ನೂ ಬೇಕು ಮೇಡಂ."

"ಬನ್ನಿ ಅಣ್ಣ, ನಾನಿದೀನಿ. ಮುರಿದ್ರೆ ಕಟ್ತೀನಿ," ಎಂದು ಸೆಲ್ವಿ ಮೊದಲು ಮುಂದೆ ಹೋಗಿ ಕೂತಳು. ಅವರು ಗೊಣಗುತ್ತಾ ಅವಳ ಪಕ್ಕ ಕೂತು ಅಂಚನ್ನು ಎರಡೂ ಕೈಯಲ್ಲಿ ಹಿಡಿದರು.

ನಾನು ಹ್ಯಾಂಡಲ್ ಹಿಡಿದು, ಥ್ರಾಟಲ್ ತಿರುಗಿಸಿ ವೇಗ ಹೆಚ್ಚಿಸಿದೆ. ಮೂತಿ ಎದ್ದಿತು... ಹಾಗೇ ತಗ್ಗಿ ನಿಂತಿತು.

ಮೊದಲು ದೋಣಿ ಹಾರಲು ಶುರುಮಾಡುತ್ತಿದ್ದ ವೇಗವನ್ನೂ ದಾಟಿದೆವು. ದೋಣಿ ಇಸ್ತ್ರಿಪೆಟ್ಟಿಗೆಯ ಹಾಗೆ ನೀರನ್ನು ಉಜ್ಜಿಕೊಂಡು ಓಡುತ್ತಿದೆ. ದಡದ ಮರಗಳು ಹಿಂದೆ ಹಿಂದೆ ಸರಿಯುತ್ತಿವೆ. ನಲವತ್ತಾರು ವರ್ಷದ ನಾನು ಒಬ್ಬಳೇ ನಗುತ್ತಿದ್ದೇನೆ, ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿಲ್ಲ.

ಮಹದೇವಣ್ಣ ತಿರುಗಿ ನೋಡಲಿಲ್ಲ. ಅಂಚಿನಿಂದ ಒಂದು ಕೈ ಬಿಟ್ಟು, ಇನ್ನೂ ಜೋರಾಗಿ ಎಂದು ಬೆರಳು ಮುಂದಕ್ಕೆ ಆಡಿಸಿದರು.

ಹ್ಯಾಂಡಲ್ ಈ ಮಳೆಗಾಲಕ್ಕೆ ನನ್ನ ಬಳಿಯೇ ಇರುತ್ತದೆ.

ಪೆಟ್ಟು ಬಿದ್ದ ಜಾಗಕ್ಕೇ ಮತ್ತೆ ಹೋಗಿ ಕೂರಿ ಎಂದು ಯಾರಾದರೂ ಕೇಳಿದ್ದರೆ, ನೀವು ಹೋಗುತ್ತಿದ್ದಿರಾ?