ಕುಂಕುಮ ಹಚ್ಚಿದ ಪಂಪು

ನೀವು ಮಾಡಿಕೊಟ್ಟ ಪಂಪು ಕೆಟ್ಟಿರಲಿಲ್ಲ, ಮಕಬೂಲ್ ಭಾಯಿ. ಕೆಟ್ಟಿದೆ ಎಂದು ನಾನೇ ಸುಳ್ಳು ಹೇಳಿದೆ.

ನಿನ್ನೆ ಅಂಗಳ ಗುಡಿಸಿದೆ, ಜೋಳ ಹಸನು ಮಾಡಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಅಟ್ಟದ ಮೇಲಿನ ಡಬ್ಬಿಗಳನ್ನು ಇಳಿಸಿ ಒರೆಸಿದೆ. ಶ್ಯಾವಿಗೆ ಡಬ್ಬಿಯೊಳಗೆ, ಹಳೆ ಕುಪ್ಪಸದಲ್ಲಿ ಸುತ್ತಿ ನಾನೇ ಬಚ್ಚಿಟ್ಟಿದ್ದ ಆ ಪಂಪು ಕೈಗೆ ಬಂತು. ಹೊಸ ಸೆಲ್ಲು ಹಾಕಿ, ಬಕೆಟ್ಟಿನ ನೀರಿಗೆ ಅದರ ನಳಿಕೆ ಬಿಟ್ಟೆ — ನೋಡೋಣ ಅಂತ, ಅಷ್ಟೇ. ಗುಳುಗುಳು ಗುಳ್ಳೆ ಎದ್ದವು. ಇಷ್ಟು ವರ್ಷದ ಮೇಲೂ!

ಆಗ ನಮ್ಮ ಮನೆಯವರಿಗೆ ಮೀನಿನ ಹುಚ್ಚು. ಗಾಜಿನ ತೊಟ್ಟಿಯಲ್ಲಿ ಹಿಡಿಸಲಾರದಷ್ಟು ಗೋಲ್ಡ್ ಫಿಶ್. ರಾಯಾಪುರದ ನಮ್ಮ ಓಣಿಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿರಲಿಲ್ಲ; ಅದಕ್ಕೇ ಅವರ ಗೆಳೆಯರಾದ ನೀವು, ನಿಮ್ಮ ರಿಪೇರಿ ಅಂಗಡಿಯಲ್ಲಿ ಕೂತು ಅದನ್ನು ಮಾಡಿಕೊಟ್ಟಿರಿ. ಕರೆಂಟು ಹೋದ ಕೂಡಲೇ ಸೆಲ್ಲಿನ ಮೇಲೆ ತಾನೇ ಶುರುವಾಗಿ ನೀರಿಗೆ ಗಾಳಿ ಊದುತ್ತಿತ್ತು. "ವೈನೀ, ಇದನ್ನ ಎಂದೂ ಬಿಚ್ಚಬ್ಯಾಡ್ರಿ. ನಿಮ್ಮ ಯಜಮಾನ್ರು ಮಲ್ಕೊಂಡ್ರೂ ಇದು ಎಚ್ಚರ ಇರ್ತೈತಿ," ಅಂದು ನಕ್ಕಿದ್ದಿರಿ.

ನಾನು ತೊಟ್ಟಿಯಿಂದ ಬಿಚ್ಚಿದೆ. ಅವತ್ತು ದಸರೆಯ ಖಂಡೆ ಪೂಜೆ — ಕುಡಗೋಲು, ಈಳಿಗೆ, ಸ್ಪ್ಯಾನರು, ಮಿಕ್ಸರ್, ಮನೆಯಲ್ಲಿ ದುಡಿಯುವುದೆಲ್ಲ ಪೂಜೆಗೆ ಕೂತಿತ್ತು. ಇದೂ ದುಡಿಯುತ್ತದಲ್ಲ ಅನ್ನಿಸಿತು. ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಸಾಲಿನಲ್ಲಿಟ್ಟೆ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ದುಡಿಸಬಾರದು, ಅದು ನಮ್ಮ ಪದ್ಧತಿ.

ಮಧ್ಯಾಹ್ನ ಕರೆಂಟು ಹೋಯಿತು. ತೊಟ್ಟಿಯ ಕರೆಂಟಿನ ಪಂಪು ಬಂದಾಗಿ ಗುಳ್ಳೆ ನಿಂತವು. ಮನೆಯವರು ತಮ್ಮ ಕಾಳಿನ ಅಂಗಡಿಯ ಪೂಜೆಗೆ ಹೋಗಿದ್ದರು. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ನಾನು ಸ್ಟೂಲು ಎಳೆದುಕೊಂಡು ಕೂತು ನೋಡಿದೆ. ಏನು ಕೇಳುತ್ತಿವೆ — ಹಸಿವೋ? ತಿನಿಸು ಹಾಕಿದೆ, ಮುಟ್ಟಲಿಲ್ಲ. ಬೇಕಾದದ್ದು ಗಾಳಿ ಅಂತ ಆಗಲೇ ನನಗೆ ಗೊತ್ತಾಯಿತು. ಪಂಪು ಅಲ್ಲೇ ಇತ್ತು, ಹೂವಿನ ಕೆಳಗೆ. ಈಗ ಬಂದೀತು ಕರೆಂಟು, ಇನ್ನೊಂದು ಗಳಿಗೆ — ಅನ್ನುತ್ತಲೇ —

ಪೂಜೆಗಿಟ್ಟದ್ದು ಅಂತ ಮುಟ್ಟಲಿಲ್ಲವೋ, ಏನಾಗುತ್ತದೆ ನೋಡೋಣ ಅಂತ ಕೂತೆನೋ? ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಕರೆಂಟು ಬರುವಷ್ಟರಲ್ಲಿ ಎಲ್ಲ ಸತ್ತು ತೇಲುತ್ತಿದ್ದವು. ಕುಂಕುಮ ಒರೆಸಿ, ಪಂಪನ್ನು ಇದ್ದಲ್ಲೇ ತೂಗುಹಾಕಿದೆ.

"ಶುರು ಆಗ್ಲಿಲ್ಲೇನ ಇದು?" ಮನೆಯವರು ಬಂದು ಕೇಳಿದರು.

"ಇಲ್ರೀ. ಶುರುನ ಆಗ್ಲಿಲ್ಲ."

ಅವರು ನಿಮ್ಮ ಅಂಗಡಿಗೆ ಬಂದು, ಗಿರಾಕಿಗಳ ಮುಂದೆ, "ಗೆಳೆಯಾ ಅಂತ ನಂಬಿದ್ನಲ್ಲೋ, ಹುಡುಗರ ಆಟಿಗಿ ಸಾಮಾನು ಕೊಟ್ಟಿ" ಅಂದದ್ದು ಆಮೇಲೆ ತಿಳಿಯಿತು. "ತಂದು ಕೊಡು, ಬಿಚ್ಚಿ ನೋಡ್ತೇನಿ" ಅಂದಿರಂತೆ ನೀವು. ಇವರು ಬಂದು ಕೇಳಿದರೆ, ಗುಜರಿಯವನಿಗೆ ಕೊಟ್ಟುಬಿಟ್ಟೆ ಅಂದೆ ನಾನು. ಅಂದಿನಿಂದ ನೀವು ಸಂಜೆಯ ಚಹಾಕ್ಕೆ ಬರಲಿಲ್ಲ, ಇವರೂ ಕರೆಯಲಿಲ್ಲ.

ನಿನ್ನೆ ಸಂಜೆ ಮನೆಯವರ ಮುಂದೆ ಬಕೆಟ್ಟು ಇಟ್ಟು ಎಲ್ಲ ಹೇಳಿದೆ. ಪಂಪನ್ನು ತಿರುಗಿಸಿ ತಿರುಗಿಸಿ ನೋಡಿದರು. ಸ್ವಿಚ್ಚಿನ ಸಂದಿಯಲ್ಲಿ ಕುಂಕುಮ ಇನ್ನೂ ಇತ್ತು. "ಮಕಬೂಲನ ಮಾರಿ ಹೆಂಗ ನೋಡ್ಲಿ?" ಅಂದರು. ನನ್ನನ್ನು ಬೈಯಲೂ ಇಲ್ಲ.

ಪಂಪು ಹಿಡಿದುಕೊಂಡು ನಾನೇ ನಿಮ್ಮ ಅಂಗಡಿಗೆ ಬರುತ್ತೇನೆ. ಗಿರಾಕಿಗಳು ಇರುವಾಗಲೇ ಹೇಳುತ್ತೇನೆ.

ರಾತ್ರಿ ರೊಟ್ಟಿ, ಝುಣಕ ಮಾಡಿದ್ದೆ. ಅವರು ಅರ್ಧ ರೊಟ್ಟಿಗೇ ಎದ್ದರು. ಪಂಪು ಬಂದ್ ಮಾಡಗೊಡಲಿಲ್ಲ. ಬಕೆಟ್ಟಿನ ಪಕ್ಕದಲ್ಲೇ ಕೂತಿದ್ದರು. ಮೊದಲು ನಿದ್ದೆ ಹತ್ತಿದ್ದು ನನಗೆ.