ಮ್ಲಾದೆನ್ ಸತ್ತ ಹಾಡು

ಹಾಡು ಕೇಳುವುದಕ್ಕೆಂದೇ ಕುರ್ಚಿ ಹಾಕಿಕೊಂಡು ಕೂರುವವರನ್ನು ಕಂಡರೆ ಮ್ಲಾದೆನ್‌ಗೆ ಮೈ ಉರಿಯುತ್ತಿತ್ತು. ಹಾಡು ಏನಿದ್ದರೂ ಕೈಗೆ ಕೆಲಸವಿದ್ದಾಗ ಕಿವಿಗೆ ಬೀಳಬೇಕು ಎಂಬುದು ಅವನ ನಂಬಿಕೆ. ಡ್ಯಾನ್ಯೂಬ್ ನದಿಯ ದಂಡೆಯ ಬಲ್ಗೇರಿಯನ್ ಪಟ್ಟಣವೊಂದರಲ್ಲಿ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ ಅವನಿಗೆ ಕೆಲಸಕ್ಕೂ ಕೊರತೆಯಿರಲಿಲ್ಲ, ಹಾಡಿಗೂ ಇರಲಿಲ್ಲ. ಸೇತುವೆಯ ಗುಂಡಿಗಳಿಗೊಂದು ಹಾಡು, ಸೂರ್ಯಕಾಂತಿ ಹೊಲಗಳ ನಡುವಿನ ನೇರ ರಸ್ತೆಗೊಂದು ಹಾಡು, ಬ್ರೆಡ್ಡು ಬಿಸಿಯಿಲ್ಲವೆಂದು ಜಗಳ ತೆಗೆಯುವ ಅಂಗಡಿಯಿಂದ ಹೊರಬಿದ್ದ ಮೇಲೆ ಇನ್ನೊಂದು. ವಯಸ್ಸು ಐವತ್ತು ದಾಟಿತ್ತು. ಹೆಂಡತಿ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು. ಅವನದು ಅಂತ ಉಳಿದದ್ದು ಹತ್ತಿರದ ಹಳ್ಳಿಯಲ್ಲಿದ್ದ ತಾಯಿ ಗೆನಾ, ಮತ್ತೆ ಗಾಯಕಿ ಝಾರಾಳ ದನಿ.

ಝಾರಾಳ ವಿಡಿಯೋಗಳ ಬಗ್ಗೆ ಅವನಿಗೆ ತಕರಾರಿತ್ತು. ವಿಡಿಯೋ ಬರುವ ಮುಂಚೆ ಹಾಡಿನೊಳಗಿನ ಹೆಂಗಸು ಅವರವರ ಮನಸ್ಸಿನ ಹೆಂಗಸು. ಬಂದ ಮೇಲೆ ದೇಶಕ್ಕೆಲ್ಲ ಒಬ್ಬಳೇ, ಅದೂ ಈಜುಕೊಳದ ಪಕ್ಕ. ಹಾಗಂತ ನೋಡದೆ ಬಿಟ್ಟವನಲ್ಲ. ಕಾಫಿ ಅಂಗಡಿಯ ಟೀವಿಯಲ್ಲಿ ಸದ್ದು ಅಡಗಿಸಿದ್ದರೂ ತುಟಿ ನೋಡಿಯೇ ಯಾವ ಹಾಡೆಂದು ಹೇಳಿಬಿಡುತ್ತಿದ್ದ.

"ಆ ಹುಡುಗಿ ಹಾಡ್ತಾಳೋ, ಯಾರಾದ್ರೂ ಬಾತುಕೋಳಿ ಕತ್ತು ಹಿಸುಕ್ತಾರೋ?" ಎಂದು ತಾಯಿ ರೇಗಿಸುತ್ತಿದ್ದಳು. ಹಳ್ಳಿಗೆ ಬ್ರೆಡ್ಡು ತಂದಾಗಲೆಲ್ಲ ಅವಳ ಗೇಟಿನೆದುರು ವ್ಯಾನು ನಿಲ್ಲಿಸಿ ಅವನು ಬೇಕೆಂದೇ ಹಾಡಿನ ದನಿ ಜೋರು ಮಾಡುತ್ತಿದ್ದ. ಬೈಯುತ್ತಾ ಹೊರಬರುವುದರಲ್ಲೇ ಅವಳಿಗೆ ಖುಷಿ.

ಝಾರಾಳ ಹೊಸ ವಿಡಿಯೋ ಮಾಡುವವರು ಅಕ್ಟೋಬರಿನಲ್ಲಿ ಪಟ್ಟಣಕ್ಕೆ ಬಂದರು. ಖಾಲಿ ಬೀದಿ, ಬಣ್ಣ ಹೋದ ಗೋಡೆ, ಅವರಿಗೆ ಬೇಕಾಗಿದ್ದೂ ಅದೇ. ಹಾಡಿನಲ್ಲಿ ಗಂಡ ಸತ್ತಿದ್ದಾನೆ. ವಿಧವೆ ಝಾರಾ ಅವನ ಸಾವಿನ ಚೀಟಿ ಅಂಟಿಸಿದ ಗೋಡೆಗಳನ್ನು ಸವರುತ್ತಾ ನಡೆಯುತ್ತಾಳೆ. ಆ ಸೀಮೆಯಲ್ಲಿ ಯಾರೇ ಸತ್ತರೂ ಫೋಟೋ ಇರುವ ಚೀಟಿ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಮರಕ್ಕೆ ಅಂಟಲೇಬೇಕು. ಚೀಟಿ ಅಂಟಿತೆಂದರೆ ಸಾವು ನಿಜ. ಆ ಫೋಟೋಗೊಂದು ಮುಖ ಬೇಕಿತ್ತು. ಕ್ಯಾಮೆರಾದ ಸುತ್ತ ಸುಳಿದಾಡುತ್ತಿದ್ದ ಮ್ಲಾದೆನ್ ನಿರ್ದೇಶಕನ ಕಣ್ಣಿಗೆ ಬಿದ್ದ.

"ಅಣ್ಣಾ, ನಿಮ್ದು ಹೇಳಿ ಮಾಡಿಸಿದ ಮುಖ. ಈಗಾಗ್ಲೇ ಅರ್ಧ ಹೋದಂಗಿದೀರಿ."

"ಪೂರ್ತಿ ಹೋಗ್ತೀನಿ ಬಿಡಿ! ಝಾರಾ ಅಳ್ತಾಳೆ ತಾನೆ?"

ಚೀಟಿಗೆ ಅವರು ಸುಳ್ಳು ಹೆಸರೊಂದನ್ನು ಇಟ್ಟುಕೊಂಡಿದ್ದರು. ಬೇಡ, ನನ್ನ ಹೆಸರನ್ನೇ ಹಾಕಿ ಎಂದು ಹಟ ಹಿಡಿದವನು ಮ್ಲಾದೆನ್. ಇಷ್ಟು ವರ್ಷ ಕೇಳಿದ ದನಿ ತನ್ನ ಹೆಸರಿನ ಮುಂದೆ ನಿಂತು ಅಳುವುದೆಂದರೆ ಸಾಮಾನ್ಯವೇ? ಊರಿನ ಸಾವುಗಳನ್ನೆಲ್ಲ ಅಚ್ಚು ಹಾಕುವವನೇ ಇದನ್ನೂ ಹಾಕಿಕೊಟ್ಟ, ಶಿಲುಬೆ, ಕಪ್ಪು ಅಂಚು ಸಮೇತ. ಬಸ್ ನಿಲ್ದಾಣದಲ್ಲಿ ತನ್ನ ಮುಖ ಕಂಡಾಗ ಅವನು ಒಂದು ಹೆಜ್ಜೆ ಹಿಂದೆ ಸರಿದದ್ದು ನಿಜ. ಅಷ್ಟರಲ್ಲಿ ಝಾರಾ ಬಂದು ಆ ಮುಖದ ಮೇಲೆ ಅಂಗೈ ಇಟ್ಟಳು. ಅವನು ಕರಗಿ ನೀರಾದ.

"ಚೀಟಿಗಳನ್ನ ಕಿತ್ತುಬಿಡಿ ಅಣ್ಣಾ, ಮರೀಬೇಡಿ," ಎಂದು ಹೇಳಿ ನಿರ್ದೇಶಕ ಮಧ್ಯಾಹ್ನವೇ ಹೊರಟ. ನಾಳೆ ಕೀಳೋಣ, ಒಂದು ದಿನ ಊರು ನೋಡಲಿ ಎಂದುಕೊಂಡು ಮ್ಲಾದೆನ್ ಪರಿಚಯದ ಹೋಟೆಲಿಗೆ ಹೋಗಿ, ರಕಿಯಾ ಸಾರಾಯಿ ಹೀರುತ್ತಾ ಝಾರಾಳ ಅಂಗೈಯ ಕಥೆ ಹೇಳುತ್ತಾ ಕುಳಿತ. ಅವನ ಪೆದ್ದುತನಕ್ಕೆ ಏನು ಹೇಳುವುದು!

ಮರುದಿನ ಬೆಳಗ್ಗೆ ಮೆಟ್ಟಿಲಿಳಿಯುತ್ತಿದ್ದವನನ್ನು ಕಂಡು ಕೆಳಮನೆಯ ಪಾವ್ಲಿನಾ ಕಿಟಾರನೆ ಕಿರುಚಿ ಬಕೆಟ್ಟು ಕೈಬಿಟ್ಟಳು.

"ಸತ್ತೋನು! ನೀನು ಸತ್ತೋನು ಕಣೋ!"

"ಅದು ಹಾಡಿಗೆ, ಪಾವ್ಲಿನಕ್ಕ. ವಿಡಿಯೋಗೆ."

ಅವಳು ಗೋಡೆಗೆ ಒರಗಿದಳು. "ಅಯ್ಯೋ ನಿನ್ ಮನೆ ಹಾಳಾಗ! ಮಗಳ ಊರಿಂದ ಬಂದು ಬಸ್ಸಿಳೀತೀನಿ, ಎದುರಿಗೇ ನಿನ್ ಮುಖ. ಬಂದು ಬಾಗ್ಲು ಬಡಿದೆ, ತೆಗೀಲಿಲ್ಲ. ಸಾಯಂಕಾಲದ ಬಸ್ಸಿಗೆ ಒಂದು ಚೀಟಿ ಕಿತ್ತು ಕಳಿಸಿಬಿಟ್ನಲ್ಲೋ, ನಿಮ್ಮಮ್ಮನ ಗೇಟಿಗೆ ಅಂಟಿಸ್ರೀ ಅಂತ!"

"ಒಂದು ಫೋನ್ ಮಾಡ್ಬಾರ್ದಿತ್ತಾ?"

"ಸತ್ತೋನಿಗೆ ಯಾರಾದ್ರೂ ಫೋನ್ ಮಾಡ್ತಾರೇನೋ?"

ಅವಳ ತಪ್ಪೇನಿಲ್ಲ. ಪಟ್ಟಣದಲ್ಲಿ ಸತ್ತವನ ಚೀಟಿಯನ್ನು ಹುಟ್ಟಿದ ಹಳ್ಳಿಗೆ ತಲುಪಿಸುವುದು ಅಕ್ಕಪಕ್ಕದವರ ಧರ್ಮ. ಮ್ಲಾದೆನ್ ತಾಯಿಗೆ ಫೋನು ಹಚ್ಚಿದ. ಅದು ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಬ್ರೆಡ್ಡು ತುಂಬಿಸದೆ ಖಾಲಿ ವ್ಯಾನನ್ನೇ ಓಡಿಸಿದ. ಹಾಡು ಹಾಕಲು ಕೈ ಬರಲಿಲ್ಲ. ಹಾಡಿಲ್ಲದ ವ್ಯಾನಿನೊಳಗೆ ಇಷ್ಟೆಲ್ಲ ಸದ್ದುಗಳಿವೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಹಿಂದೆ ಬ್ರೆಡ್ಡಿನ ಖಾಲಿ ತಟ್ಟೆಗಳು ಯಾರೋ ಹಲ್ಲು ಕಡಿದಂತೆ ಕಟಕಟ ಅನ್ನುತ್ತಿದ್ದವು. ಅಮ್ಮನ ಎದೆ ತಡೆದುಕೊಂಡಿರಲಿ, ಅಷ್ಟು ಸಾಕು ಎಂದು ದಾರಿಯುದ್ದಕ್ಕೂ ಬೇಡಿಕೊಂಡ.

ಹಳ್ಳಿಯ ತಿರುವಿನಲ್ಲಿ ಅವನನ್ನು ಕಂಡ ಮುದುಕನೊಬ್ಬ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಗೇಟಿನ ಮೇಲೆ ಅವನ ಮುಖ, ಅದರ ಮೇಲೊಂದು ಕಪ್ಪು ಬಟ್ಟೆಯ ಗಂಟು. ಅಂಗಳದಲ್ಲಿ ಕಪ್ಪು ಉಟ್ಟ ಹೆಂಗಸರು. ಸತ್ತವನ ಹೆಸರಿನಲ್ಲಿ ಹಂಚುವ ಗೋಧಿ ಒಲೆಯ ಮೇಲೆ ಬೇಯುತ್ತಿತ್ತು. ಅವನನ್ನು ನೋಡಿ ಒಬ್ಬಳು ಕುಸಿದಳು, ಉಳಿದವರು ಚೀರಿದರು. ಗೆನಾ ಮಾತ್ರ ಚೀರಲಿಲ್ಲ. ಎದ್ದು ಬಂದು ಅವನ ಕೆನ್ನೆ, ಕಿವಿ, ಹೆಗಲು ಮುಟ್ಟಿ ನೋಡಿದಳು. ಅವಳ ಮುಖ ಅರಳಿತು.

"ಬಂದ್ಯಾ ಮಗನೇ. ಕೇಳಿದ್ದನ್ನ ಕೊಟ್ಬಿಟ್ಟ ನೋಡು ದೇವ್ರು."

"ಅಮ್ಮಾ, ನಾನು ಸತ್ತೇ ಇರ್ಲಿಲ್ಲ. ಆ ಝಾರಾ ಇದಾಳಲ್ಲ, ಅವಳ ಹಾಡಿಗೆ..."

"ಅದೆಲ್ಲ ನಂಗೆ ಗೊತ್ತಿಲ್ಲ. ದೇವರ ಪಟದ ಮುಂದೆ ಕೂತು ಕೇಳ್ಕೊಂಡೆ. ಅವನನ್ನ ವಾಪಸ್ ಕಳ್ಸು, ಬದಲಿಗೆ ನಾನ್ ಬರ್ತೀನಿ ಅಂತ. ಮಾತು ಕೊಟ್ಟಾಗಿದೆ."

"ಯಾವ ಮಾತೂ ಇಲ್ಲ! ಸುಳ್ಳು ಚೀಟಿ ಅದು, ತಮಾಷೆಗೆ..."

"ದೇವ್ರ ಹತ್ರ ತಮಾಷೆ ಮಾಡ್ತೀಯೇನೋ, ಕತ್ತೆ?"

ಅವಳು ನಗುತ್ತಿದ್ದಳು. ಅವನನ್ನು ಹೆದರಿಸಿದ್ದೇ ಅದು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಈ ಸಂತೋಷಕ್ಕೆ ಮದ್ದೆಲ್ಲಿ? ಕೋಳಿಯ ಕಾಳು ಎಲ್ಲಿದೆ, ನೆಲಮಾಳಿಗೆಯ ಬೀಗದ ಕೈ ಎಲ್ಲಿದೆ ಎಂದು ಗೆನಾ ಮಗನಿಗೆ ಒಂದೊಂದಾಗಿ ಹೇಳಿದಳು. ಆಮೇಲೆ ಒಳಗೆ ಹೋಗಿ, ಕೊನೆಯ ದಿನಕ್ಕೆಂದು ಪೆಟ್ಟಿಗೆಯಲ್ಲಿ ಎಂದಿನಿಂದಲೋ ಮಡಿಸಿಟ್ಟಿದ್ದ ಉಡುಪನ್ನು ತೊಟ್ಟಳು. ಮ್ಲಾದೆನ್ ಡಾಕ್ಟರನ್ನು ಕರೆಸಿದ. ಅವರು ನಾಡಿ ಹಿಡಿದು, ಎದೆಯ ಸದ್ದು ಕೇಳಿ, ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದಾರೆ ಎಂದರು.

"ಇನ್ನೂ ಆಗಿಲ್ಲ," ಎಂದು ಗೆನಾ ತಿದ್ದಿ, ಮಂಚದ ಮೇಲೆ ನೆಟ್ಟಗೆ ಮಲಗಿದಳು.

ಮ್ಲಾದೆನ್ ಅವಳ ಕೈ ಬಿಡದೆ ಕುಳಿತ. ಆ ಕೈ ಬೆಚ್ಚಗಿತ್ತು. ಹೊರಗೆ ಹೆಂಗಸರು ಇರಬೇಕೋ ಹೋಗಬೇಕೋ ತೋಚದೆ ಪಿಸುಗುಟ್ಟುತ್ತಿದ್ದರು. ಕೊನೆಗೆ ಅವರಲ್ಲೊಬ್ಬಳು ಬಾಗಿಲಿಗೆ ಬಂದು, ಬೆಂದ ಗೋಧಿಯನ್ನು ಕೋಳಿಗೆ ಹಾಕೋಣವೇ ಎಂದು ಕೇಳಿದಳು.

"ಬೇಡ," ಎಂದಳು ಗೆನಾ, ಕಣ್ಣು ಮುಚ್ಚಿಕೊಂಡೇ. "ಮುಚ್ಚಿಡಿ. ನಾಳೆವರೆಗೂ ಕೆಡಲ್ಲ."